ಬಲಗಣ್ಣಿನ ಸುತ್ತ ಬಿಳಿ ಗುರುತು

ಪೊರೆ ತೆಗೆದ ನನ್ನ ಕಣ್ಣಿಗೆ ಆಸ್ಪತ್ರೆಯವರು ಹತ್ತಿಯಿಟ್ಟು ಪಟ್ಟಿ ಅಂಟಿಸಿ ಕಳಿಸಿದರು. ಆ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ, ಮುಚ್ಚಿದ ಕಣ್ಣಿನ ಮಸುಕಿನೊಳಗೆ ನಮ್ಮೂರ ಅಂಗನವಾಡಿ ಟೀಚರ್ ಬಂದು ನಿಂತರು... ಊರಿಗೆಲ್ಲ ಅವರು ಅಕ್ಕೋರು.

ಹಡಗಲಿ ಸೀಮೆಯ ನಮ್ಮೂರಲ್ಲಿ ಆಗ ಮನೆಮನೆಯ ಹಿಂದೆ ಮಲ್ಲಿಗೆ. ಅಕ್ಕೋರು ಮಕ್ಕಳ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿಗೆ ಮೊಗ್ಗು ಹಿಡಿದು "ಎಷ್ಟದಾವ?" ಎಂದು ಆಡಿಸುತ್ತಿದ್ದರು. ಬಲಗಣ್ಣು ಮುಚ್ಚಿದರೆ ನಾಲ್ಕು ವರ್ಷದ ನನ್ನ ಮಗಳು ನಗುತ್ತಿದ್ದಳು. ಎಡಗಣ್ಣು ಮುಚ್ಚಿದರೆ ಕೈ ಕಿತ್ತೆಸೆದು ಅಳುತ್ತಿದ್ದಳು.

"ಇದು ಹಟ ಅಲ್ರಿ. ಬಲಗಣ್ಣು ನೋಡೋದು ಕಲ್ತಿಲ್ಲ."

"ಎರಡೂ ಚಂದ ಅದಾವಲ್ರಿ, ಅಕ್ಕೋರ!"

"ಚಂದ ಅದಾವಂತನ ನಿಮಗ ಗೊತ್ತಾಗಿಲ್ಲ. ನಡೀರಿ."

ತಾವೇ ನಮ್ಮ ಜೊತೆ ದಾವಣಗೆರೆ ಬಸ್ಸು ಹತ್ತಿದರು. ಡಾಕ್ಟರು ಕನ್ನಡಕ ಬರೆದುಕೊಟ್ಟು, ದಿನಾ ಕೆಲವು ತಾಸು ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿರಿ, ಆಗಲೇ ಸೋಮಾರಿ ಕಣ್ಣು ದುಡಿಯುತ್ತದೆ, ದೊಡ್ಡವಳಾದ ಮೇಲೆ ಕಷ್ಟ ಎಂದರು.

ಎಲ್ಲ ಅರ್ಥವಾಗಿತ್ತು ನನಗೆ. ಆದರೆ ಪಟ್ಟಿ ಹಾಕಿದ ಕೂಸು ಹೊಸ್ತಿಲು ಎಡವಿತು. ಎದುರಿಗೇ ಕೂತಿದ್ದ ನನ್ನ ಮುಖ ತಡವಿ, "ಅಪ್ಪಾ, ಎಲ್ಲದಿ?" ಎಂದಿತು... ಮೂರನೆಯ ದಿನ ಪಟ್ಟಿ ಕಿತ್ತು ಬಲಗಣ್ಣಿಗೆ ಅಂಟಿಸಿದೆ. ಅಲ್ಲಿಂದ ದಿನಾ ಅಂಗನವಾಡಿ ಬಿಟ್ಟು ಬಂದ ಮೇಲೆ, ಅಕ್ಕೋರ ಕಣ್ಣಿಗೆ ಬೀಳದಂತೆ, ಹಾಗೇ ಅಂಟಿಸುತ್ತಿದ್ದೆ. ಡಾಕ್ಟರು ಹೇಳಿದ್ದೇ ಹೀಗೆ ಎಂದು ಹೆಂಡತಿಗೂ ಸುಳ್ಳು ಹೇಳಿದೆ.

ತಿಂಗಳುಗಳ ಮೇಲೆ ತೋರಿಸಿದಾಗ ಕಣ್ಣು ಇದ್ದಲ್ಲೇ ಇತ್ತು. ವಾಪಸು ಬರುವಾಗ, ಜೊತೆಗೆ ಬಂದಿದ್ದ ಅಕ್ಕೋರ ಮೇಲೆ ಬಸ್ಸಿನ ಜನರೆದುರು ಕೂಗಾಡಿದೆ. "ನಿಮ್ಮ ಮಾತು ಕೇಳಿ ಏನ್ ಬಂತ್ರಿ?"

ಮಗಳು ಅಕ್ಕೋರ ತೊಡೆಯ ಮೇಲೆ ಮಲಗಿದ್ದಳು. ಬಿಸಿಲಿಗೆ ಕಂದಿದ ಮುಖದಲ್ಲಿ ಬಲಗಣ್ಣಿನ ಸುತ್ತ ಮಾತ್ರ ಪಟ್ಟಿಯ ಬಿಳಿ ಗುರುತು. ಅವರು ಅದರ ಮೇಲೆ ಹೆಬ್ಬೆರಳಾಡಿಸಿದರು. ನನ್ನನ್ನು ನೋಡಿದರು. "ಇನ್ನೂ ವಯಸ್ಸೈತ್ರಿ," ಎಂದರು ಮೆಲ್ಲಗೆ, "ನಾಳಿಂದ ನನ್ನ ಮುಂದ ಹಚ್ಚೂಣು."

ನಾಚಿಕೆಗೆ ಮರುದಿನದಿಂದ ಕೂಸನ್ನು ಅಂಗನವಾಡಿಗೆ ಕಳಿಸಲೇ ಇಲ್ಲ. ಅಕ್ಕೋರೇ ಕಣ್ಣು ಕೆಡಿಸಿದರು ಎಂದು ಊರು ಆಡಿಕೊಂಡಿತು. ಸುಮ್ಮನಿದ್ದೆ. ಅವರು ತಂಬ್ರಹಳ್ಳಿಯ ತಮ್ಮನ ಮನೆ ಸೇರಿದರು, ಅಲ್ಲೇ ತೀರಿಕೊಂಡರಂತೆ...

ನಿನ್ನೆ ಮಗಳು ನನ್ನ ಪಟ್ಟಿ ಬಿಚ್ಚಿದಳು. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಮುಡಿಯಿಂದ ಮಲ್ಲಿಗೆ ಕಿತ್ತು ಹಿಡಿದಳು. "ಅಪ್ಪಾ, ಎಷ್ಟದಾವ?"

ಮೂರಿದ್ದವು. ಒಂದೊಂದು ಎಸಳೂ ಕಂಡಿತು. ಎಡಗಣ್ಣಿಗೆ ಸರಿಹೋಗುವಂತೆ ಅವಳು ಮುಖ ವಾರೆ ಮಾಡಿದ್ದೂ ಕಂಡಿತು.

"ನಿನ್ನ ಕಣ್ಣು ಕೆಡಿಸಿದೋರು ಅಕ್ಕೋರಲ್ಲವ್ವ," ಎಂದೆ, "ನಾನು."

ಅವಳ ಅಂಗೈ ನನ್ನ ಕಣ್ಣಿನ ಮೇಲಿಂದ ಬಹಳ ಹೊತ್ತು ಇಳಿಯಲಿಲ್ಲ.