ಬಂಡೆ ಸಂದಿನಲ್ಲಿ ಭಾವ

ಭಾವನ ಎದೆ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ರಾಮನಗರದ ಬೆಟ್ಟ ಹತ್ತುವಾಗ ಸಂದಿಗೆ ಬಿದ್ದ ಮೊಬೈಲ್ ತೆಗೆಯಲೆಂದು ಅಡ್ಡವಾಗಿ ನುಗ್ಗಿದವರಿಗೆ ಹಿಂದಕ್ಕೆ ಬರಲಾಗಲಿಲ್ಲ. ನಾನು ತೋಳು ಹಿಡಿದು ಎಳೆದೆ, ಅಲುಗಲಿಲ್ಲ. ಗಾಬರಿಯಲ್ಲಿ ಉಸಿರೆಳೆದಷ್ಟೂ ಅವರ ಎದೆ ಉಬ್ಬಿ ಇನ್ನಷ್ಟು ಬಿಗಿಯುತ್ತಿತ್ತು. ತುಟಿ ಬಿಳಿಚಿಕೊಂಡಿತು.

“ಸತ್ತೋಯ್ತೀನಿ ಕಣೇ!” ಎಂದು ಕೂಗಿದರು.

ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಗಂಡನ ಕೈ ಹಿಡಿದಳು. “ಸಾಯೋರು ಇಷ್ಟ್ ಜೋರಾಗಿ ಕೂಗಾಕಿಲ್ಲ, ಸುಮ್ಕಿರಿ. ಹೆರಿಗೆ ನೋವಲ್ಲಿ ನರ್ಸಮ್ಮ ನಂಗೆ ಹೇಳ್ಕೊಟ್ಟಂಗೆ ಮಾಡಿ. ಮೂಗಲ್ಲಿ ಒಸಿ ಉಸ್ರು ತಗೊಳ್ಳಿ, ಬಾಯಲ್ಲಿ ನಿಧಾನಕ್ಕೆ ಪೂರಾ ಬುಡಿ.”

ಅವಳ ಜೊತೆಗೇ ಅವರೂ ಉಸಿರು ಬಿಡತೊಡಗಿದರು. ಮೊದಮೊದಲು ಅದು ನಡುಗುತ್ತಿತ್ತು. ಆಮೇಲೊಂದು ಉದ್ದನೆಯ ಉಸಿರು ಪೂರ್ತಿ ಹೊರಬಿದ್ದಾಗ ಎದೆ ತಗ್ಗಿದ್ದನ್ನು ಕಣ್ಣಾರೆ ಕಂಡೆ. ಅಕ್ಕ ಆಗಲೇ ಎಳೆದಳು. ಅಂಗಿ ಹರಿದು, ಚರ್ಮ ತರಚಿ, ಭಾವ ಹೊರಗೆ ಬಂದು ಬಿದ್ದರು.

ಅಂದಿನಿಂದ ಮನೆಯಲ್ಲಾಗಲಿ, ರಸ್ತೆಯಲ್ಲಾಗಲಿ ಕೋಪವೋ ಗಾಬರಿಯೋ ಎದೆಯಲ್ಲಿ ಉಕ್ಕಿದಾಗ ನಾನು ತಕ್ಷಣ ಬಾಯಿ ಹಾಕುವುದಿಲ್ಲ, ಕೈಯನ್ನೂ ಹಾಕುವುದಿಲ್ಲ. ಮೊದಲು ಉಸಿರನ್ನು ನಿಧಾನಕ್ಕೆ, ಪೂರ್ತಿಯಾಗಿ ಬಿಡುತ್ತೇನೆ.