ಗೋರ್ಡಿಯ ದೋಣಿಗೊಂದು ಸಹಿ

ವರ್ನಾ ಸ್ಟ್ರೆಲೆಕಿ ವಕೀಲೆ ಎಂದು ಗೊತ್ತಾದವರು ಮೊದಲು ಕೊಲೆ ಮೊಕದ್ದಮೆಗಳ ಬಗ್ಗೆ ಕೇಳುತ್ತಿದ್ದರು. ಕಂಪನಿಗಳ ತೆರಿಗೆ, ನೌಕರರ ಪಿಂಚಣಿ ಎಂದು ಆಕೆ ಬಾಯಿಬಿಟ್ಟೊಡನೆ ಅವರಿಗೆ ಕಣ್ಣು ಎಳೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎಚ್ಚರವಾಗಿ ತಂತಮ್ಮ ಪಿಂಚಣಿಯ ಬಗ್ಗೆ ಶುರುಮಾಡುತ್ತಿದ್ದರು. ತನ್ನೂರು ಮಿಲ್ವಾಕಿಯಲ್ಲಿ ಶುಕ್ರವಾರ ಸಂಜೆ ಎಲ್ಲರೂ ಸೇರುವ ಹೋಟೆಲಿಗೆ ಕರಿದ ಮೀನು ತಿನ್ನಲು ಹೋದರೂ ಬಿಡುಗಡೆಯಿಲ್ಲ. ಪಕ್ಕದ ಮೇಜಿನಿಂದ ಯಾರಾದರೂ ಕುರ್ಚಿ ಎಳೆದುಕೊಂಡು ಬಂದೇ ಬರುತ್ತಿದ್ದರು. "ನಾನು ಕಂಪನಿ ಕಡೆ ಲಾಯರ್, ನಿಮ್ಮ ಕಡೆ ಅಲ್ಲ," ಎಂದು ಅವರಿಗೆ ಅರ್ಥಮಾಡಿಸುವಷ್ಟರಲ್ಲಿ ಮೀನು ಆರಿ ಮೆತ್ತಗಾಗಿರುತ್ತಿತ್ತು.

ಆ ಒಂದು ವಾಕ್ಯದ ಮೇಲೆಯೇ ಆಕೆ ಆಯುಷ್ಯ ಸವೆಸಿದ್ದಳು. ಕರ ಎಂದರೆ ತೆರಿಗೆಯೂ ಹೌದು, ಕೈಯೂ ಹೌದು. ವರ್ನಾಳ ಮಟ್ಟಿಗೆ ಮೊದಲನೆಯದು ಎರಡನೆಯದನ್ನು ತಿಂದುಹಾಕಿತ್ತು. ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡೇ ಬರೆಯುತ್ತಿದ್ದಳು. ಸರ್ಕಾರ ನಿಯಮ ಬದಲಿಸಿದಾಗಲೆಲ್ಲ ತಾನು ವಕೀಲೆಯಾಗಿದ್ದ ಪಂಪ್ ಕಾರ್ಖಾನೆಯ ಪಿಂಚಣಿ ಯೋಜನೆಯನ್ನು ಮೊದಲಿಂದ ತಿದ್ದುವುದು ಅವಳ ಕೆಲಸ. ಅದನ್ನು ಓದದಿರುವುದು ಉಳಿದವರ ಕೆಲಸ.

ಆ ಗುರುವಾರ ಕಾರ್ಖಾನೆಯ ಸಿಬ್ಬಂದಿ ವಿಭಾಗದಾಕೆಗೆ ಜ್ವರ. ಸಹಿಯೊಂದಕ್ಕೆ ಸಾಕ್ಷಿಯಾಗಿ ವರ್ನಾಳೇ ಹೋಗಿ ಕೂರಬೇಕಾಯಿತು. ಎದುರಿಗೆ ನಿವೃತ್ತನಾಗುತ್ತಿದ್ದ ಫಿಟ್ಟರ್ ಗೋರ್ಡಿ ಪಾಪ್ಕೆ. ಪಕ್ಕದಲ್ಲಿ ಕೋಟು ಕೂಡ ಬಿಚ್ಚದೆ ಕೂತ ಹೆಂಡತಿ ಲುಯೆಲ್ಲಾ. ಗೋರ್ಡಿಗೆ ಹೊಸ ದೋಣಿಯ ಆಸೆ. ಅವನು ಸತ್ತ ಮೇಲೆ ಹೆಂಡತಿಗೆ ಬರುವ ಅರ್ಧ ಪಿಂಚಣಿಯನ್ನು ಬಿಟ್ಟುಕೊಟ್ಟರೆ, ಇರುವಷ್ಟು ದಿನ ಅವನಿಗೆ ತಿಂಗಳಿಗೆ ಹೆಚ್ಚು ಬರುತ್ತದೆ. ಬಿಟ್ಟುಕೊಡಲು ಹೆಂಡತಿಯ ಸಹಿ ಬೇಕು.

"ಎಲ್ಲಿ ಗೀಚ್ಬೇಕು ಲಾಯರಮ್ಮಾ?" ಲುಯೆಲ್ಲಾ ಪೆನ್ನು ಹಿಡಿದಳು. "ಸುಮ್ನೆ ಶಾಸ್ತ್ರಕ್ಕೆ ಅಂದ ಇವನು."

ಬೇಡ ಎನ್ನುವ ಅಧಿಕಾರ ವರ್ನಾಳಿಗಿರಲಿಲ್ಲ. ಕಂಪನಿಯ ವಕೀಲೆ ಇವರಿಗೆ ಸಲಹೆ ಕೊಡುವಂತೆಯೂ ಇಲ್ಲ. ತುಂಬ ಸುಸ್ತಾಗಿತ್ತು. ಸಹಿ ಹಾಕಿಸಿ ಮನೆಗೆ ಹೋಗಿ ಬಿಸಿನೀರಿನಲ್ಲಿ ಕಾಲಿಡಬಹುದಿತ್ತು.

"ಒಂದ್ನಿಮಿಷ," ಎಂದಳು. "ಇದರಲ್ಲೇನಿದೆ ಅಂತ ಇಬ್ಬರಿಗೂ ಗೊತ್ತಿದೆ ಅನ್ನೋದು ನನಗೆ ಖಾತ್ರಿಯಾಗ್ಬೇಕು. ಗೋರ್ಡಿಯವರೇ, ನೀವೇ ಇವರಿಗೆ ಹೇಳ್ಬಿಡಿ. ನಿಮ್ಮ ಮಾತಲ್ಲೇ."

"ಅದೇ... ತಿಂಗಳಿಗೆ ಜಾಸ್ತಿ ಬರುತ್ತೆ ಕಣೇ."

"ಎಲ್ಲಿವರೆಗೆ?" ಲುಯೆಲ್ಲಾ ಕೇಳಿದಳು.

"ನಾನಿರೋವರೆಗೆ."

"ಆಮೇಲೆ?"

ಗೋರ್ಡಿ ಮೊಣಕಾಲ ಮೇಲಿನ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಆಮೇಲೆ ದೋಣಿ ಇರುತ್ತಲ್ಲ."

"ಹೂಂ. ಚಳಿಗಾಲದಲ್ಲಿ ಅದನ್ನೇ ಸೌದೆ ಮಾಡ್ಕೊಂಡು ಮೈ ಕಾಯಿಸ್ಕೋತೀನಿ. ಬಾಯಿಬಿಟ್ಟು ಹೇಳು ಗೋರ್ಡಿ, ನನಗೆಷ್ಟು ಬರುತ್ತೆ?"

ಅವನು ವರ್ನಾಳತ್ತ ನೋಡಿದ. ವರ್ನಾ ಮಣಿಕಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

"ಏನೂ ಇಲ್ಲ," ಎಂದ. ಆ ಮಾತನ್ನು ಮೊದಲ ಸಲ ಕೇಳಿಸಿಕೊಂಡವನು ತಾನೇ ಎಂಬಂತೆ ಕೂತ.

ಲುಯೆಲ್ಲಾ ಪೆನ್ನಿಗೆ ಮುಚ್ಚಳ ಹಾಕಿ ಅವನ ಜೇಬಿಗೆ ಸಿಕ್ಕಿಸಿದಳು. "ನಡಿ. ನಮ್ಮಣ್ಣನ ಹಳೇ ದೋಣಿಗೇ ತೇಪೆ ಹಾಕ್ಸೋಣ."

ಬಾಗಿಲಲ್ಲಿ ಗೋರ್ಡಿ ತಿರುಗಿ ನಿಂತ. "ಅಲ್ಲಾ, ನೀವು ಯಾರ ಕಡೆ ಲಾಯರ್ರೀ?"

"ಕಂಪನಿ ಕಡೆ," ಎಂದಳು ವರ್ನಾ.

ಮರುದಿನ ಶುಕ್ರವಾರ ಸಂಜೆ ಅದೇ ಹೋಟೆಲಿನಲ್ಲಿ ಗೋರ್ಡಿ ಅವಳಿಗೆ ಬೆನ್ನು ಹಾಕಿ ಕೂತು ಮೀನು ತಿಂದ. ಅವನ ಮೇಜಿನವರೆಲ್ಲ ಹಾಗೇ ಕೂತರು. ಒಬ್ಬರೂ ಕುರ್ಚಿ ಎಳೆದುಕೊಂಡು ಬರಲಿಲ್ಲ. ಎಷ್ಟೋ ವರ್ಷದ ಮೇಲೆ ವರ್ನಾ ಬಿಸಿಬಿಸಿ ಮೀನು ತಿಂದಳು. ಉಪ್ಪು ಕಡಿಮೆ ಇತ್ತು.