ಆಷಾಢದಲ್ಲಿ ಬಂದ ಇಂಟರ್‌ವ್ಯೂ

ಕೊರೊನಾ ಅಡಗಿ, ಸರಕಾರಿ ಕಚೇರಿಗಳು ಜನರನ್ನು ಮತ್ತೆ ಎದುರಿಗೆ ಕೂರಿಸಿಕೊಂಡು ವಿಚಾರಿಸಲು ಶುರುಮಾಡಿದ್ದ ವರ್ಷ. ಓಕ್ಲ್ಯಾಂಡಿನಲ್ಲಿ ನನ್ನದೊಂದು ಸಣ್ಣ ಇಮಿಗ್ರೇಷನ್ ವಕೀಲಿ ಕಚೇರಿ. ಆ ಆಗಸ್ಟಿನಲ್ಲಿ ಸಾಂಟಾ ಕ್ಲಾರಾದಿಂದ ಮೂವರು ಬಂದರು. ಇಲ್ಲೇ ಹುಟ್ಟಿ ಬೆಳೆದ ನಿತಿನ್, ಹಾಸನದಿಂದ ಓದಲು ಬಂದು ಅವನನ್ನು ಮದುವೆಯಾದ ಸುಚಿತ್ರಾ, ಅವನ ತಾಯಿ ಜಯಮ್ಮ. ಈ ದೇಶಕ್ಕೆ ಬಂದು ಮೂವತ್ತು ವರ್ಷವಾದರೂ ಜಯಮ್ಮನವರಿಗೆ ಅಂಗಡಿಯಲ್ಲಿ ಮಾತ್ರ ಇಂಗ್ಲಿಷ್, ಸಿಟ್ಟು ಬಂದರೆ ಅಪ್ಪಟ ಮಂಡ್ಯ. ಅಂದು ಅವರು ಸಿಟ್ಟಿನಲ್ಲೇ ಇದ್ದರು.

ಸುಚಿತ್ರಾಳ ಗ್ರೀನ್ ಕಾರ್ಡ್ ಅರ್ಜಿಯನ್ನು ತಿರಸ್ಕರಿಸುವ ಉದ್ದೇಶವಿದೆ ಎಂಬ ನೋಟಿಸ್ ಬಂದಿತ್ತು. ಮದುವೆ ನಿಜವಾದದ್ದೇ ಎಂದು ಎರಡನೇ ಇಂಟರ್‌ವ್ಯೂನಲ್ಲಿ ತೋರಿಸಿಕೊಡಬೇಕು. ಆಗದಿದ್ದರೆ ಅವಳು ದೇಶ ಬಿಡಬೇಕು. ನಕಲಿ ಮದುವೆ ಎಂಬ ಮಾತು ಒಮ್ಮೆ ಫೈಲಿಗೆ ಅಂಟಿತೆಂದರೆ ಗಂಡನ ಹೆಸರಿನಲ್ಲಿ ಮತ್ತೆ ಬರುವ ದಾರಿಯೂ ಮುಚ್ಚಿದಂತೆ.

ಆದದ್ದಿಷ್ಟು. ಹಿಂದಿನ ಡಿಸೆಂಬರಿನಲ್ಲಿ ರಿಜಿಸ್ಟರ್ ಮದುವೆಯಾಗಿತ್ತು, ಅರ್ಜಿಯನ್ನೂ ಆಗಲೇ ಹಾಕಿದ್ದರು. ಆದರೆ ಜಯಮ್ಮನವರ ಪಾಲಿಗೆ ಮದುವೆ ಎಂದರೆ ಮೇ ತಿಂಗಳಲ್ಲಿ ದೇವಸ್ಥಾನದಲ್ಲಿ ಎರೆದ ಧಾರೆ. ಹಾಗಾಗಿ ಮುಂದೆ ಬಂದದ್ದು ಮೊದಲ ಆಷಾಢ. ಸೊಸೆಯನ್ನು ಫ್ರೀಮಾಂಟಿನಲ್ಲಿದ್ದ ಅವಳ ಸೋದರಮಾವನ ಮನೆಗೆ ಕಳಿಸಿಬಿಟ್ಟರು. ಇಂಟರ್‌ವ್ಯೂ ಬಂದದ್ದು ಅದೇ ತಿಂಗಳಲ್ಲಿ. ವಕೀಲರ ಸಹವಾಸ ಯಾಕೆಂದು ಇಬ್ಬರೇ ಹೋದರು. ಅಧಿಕಾರಿ ಒಬ್ಬೊಬ್ಬರನ್ನೇ ಕರೆದು, ನಿನ್ನೆ ರಾತ್ರಿ ಎಲ್ಲಿದ್ದಿರಿ ಎಂದು ಕೇಳಿದರು. ಅವಳು ಸೋದರಮಾವನ ಮನೆ ಎಂದಳು. ಆಷಾಢವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತೋಚದೆ ಇವನು, ಇಬ್ಬರೂ ಮನೆಯಲ್ಲೇ ಇದ್ದೆವು ಎಂದುಬಿಟ್ಟ. ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡ.

“ಐ ಪ್ಯಾನಿಕ್ಡ್, ಆಂಟಿ,” ಎಂದ ನಿತಿನ್.

“ನಾನೇ ಕಳ್ಸಿದ್ದು ಕಣ್ರವ್ವ,” ಎಂದರು ಜಯಮ್ಮ. “ಮೊದಲ್ನೇ ಆಸಾಡ್‌ದಲ್ಲಿ ಅತ್ತೆ ಸೊಸೆ ಒಂದೇ ಒಸ್ಲು ದಾಟ್‌ಬಾರ್ದು. ಅದುಕ್ಕೆ ದೇಸ ಬುಟ್ಟೇ ಓಡಿಸ್‌ಬುಡ್ತಾರಾ?”

ಸುಚಿತ್ರಾ ಅತ್ತೆಯ ಕೈ ಹಿಡಿದುಕೊಂಡೇ ಕೂತಿದ್ದಳು. ನನಗೆ ಸಂಕಟವಾಯಿತು. ಅತ್ತೆ ಸೊಸೆ ಚೆನ್ನಾಗಿರಲೆಂದು ಬಂದ ಶಾಸ್ತ್ರವೇ ಈ ಹುಡುಗಿಗೆ ಮುಳುವಾಗಿತ್ತು. ನಮ್ಮವರಿಗೆ ಇದು ಅಂಗೈ ಹುಣ್ಣು, ಆದರೆ ಅಧಿಕಾರಿಗೆ ಕನ್ನಡಿ ಬೇಕೇ ಬೇಕು. ಹಾಗೆಂದು ಅಧಿಕಾರಿಯನ್ನು ಬೈದು ಪ್ರಯೋಜನವಿಲ್ಲ. ತೋಳು ತಬ್ಬಿದ ಫೋಟೋ ಹಿಡಿದು ಬರುವ ನಕಲಿ ದಂಪತಿಗಳನ್ನು ನಾನೂ ನೋಡಿದ್ದೇನೆ.

ನಿತಿನ್‌ಗೆ ಒಂದೇ ಮಾತು ಹೇಳಿದೆ: “ಮೊದಲು ಹೋಗಿ, ಹೇಳಿದ್ದು ಸುಳ್ಳು ಅಂತ ಒಪ್ಕೋ. ಆಮೇಲೆ ಮಿಕ್ಕಿದ್ದು.” ಜಯಮ್ಮನವರನ್ನು ಸಾಕ್ಷಿಯಾಗಿ ಕರೆದೊಯ್ದೆ. ವಕೀಲಳು ತಾನೇ ಅನುವಾದ ಮಾಡುವಂತಿಲ್ಲ, ಹಾಗಾಗಿ ಫೋನಿನಲ್ಲಿ ಒಬ್ಬ ದುಭಾಷಿ.

ಸೆಪ್ಟೆಂಬರಿನಲ್ಲಿ ನಡೆದ ಆ ಇಂಟರ್‌ವ್ಯೂಗೆ ಬಂದದ್ದು ಬೇರೊಬ್ಬ ಅಧಿಕಾರಿ, ನಡುವಯಸ್ಸಿನ ಗಂಭೀರ ಮನುಷ್ಯ. ನಿತಿನ್ ತಪ್ಪೊಪ್ಪಿಕೊಂಡ. ಅಧಿಕಾರಿ ತಲೆಯೆತ್ತದೆ ಬರೆದುಕೊಂಡರು. ಆಮೇಲೆ ಮೂವರನ್ನೂ ಬೇರೆ ಬೇರೆ ಕರೆದು ವಿಚಾರಿಸಿದರು. ನಾನು ಮೂರು ಸಲವೂ ಪಕ್ಕದಲ್ಲೇ ಇದ್ದೆ. ಕೊನೆಗೆ ಒಂದು ಪ್ರಶ್ನೆ, ಮೂವರಿಗೂ ಅದೇ: ಆ ತಿಂಗಳು ಗಂಡ ಹೆಂಡತಿ ಜಗಳವಾಡಿದ್ದುಂಟೆ?

ನಿತಿನ್ ತಲೆ ತಗ್ಗಿಸಿದ. ದಿನಾ ಸಂಜೆ ಅಮ್ಮ ಕಟ್ಟಿದ ಡಬ್ಬಿ ತೆಗೆದುಕೊಂಡು ಹೆಂಡತಿಯನ್ನು ನೋಡಲು ಫ್ರೀಮಾಂಟಿಗೆ ಹೋಗುತ್ತಿದ್ದನಂತೆ. ಒಂದು ಶುಕ್ರವಾರ ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ, ಹಸಿವಾಗಿ, ಅವಳಿಗೆಂದು ಕೊಟ್ಟ ಕಜ್ಜಾಯದಲ್ಲಿ ಮೂರನ್ನು ತಾನೇ ತಿಂದ. ಸುಚಿತ್ರಾಳನ್ನು ಕೇಳಿದಾಗ, “ಎರಡೇ ಕಜ್ಜಾಯ ತಂದುಕೊಟ್ಟ, ಅಮ್ಮ ಇಷ್ಟೇ ಮಾಡಿದ್ದು ಅಂತ ಅತ್ತೆ ಮೇಲೆ ಹಾಕಿದ,” ಎಂದಳು. ಹೇಳುವಾಗಲೂ ಕೋಪ ಇಳಿದಿರಲಿಲ್ಲ. ಜಯಮ್ಮನವರಂತೂ ದುಭಾಷಿಗೆ ಉಸಿರಾಡಲು ಬಿಡಲಿಲ್ಲ. “ಐದು ಆಕಿದ್ದೆ ಕಣಪ್ಪ. ಕಳ್ಳನನ್ಮಗ ಮೂರು ನುಂಗವ್ನೆ. ಆ ಎಣ್ಮಗ ಪೋನ್ ಮಾಡಿ, ಅತ್ತೆ ನನ್ ಮೇಲೇನು ಕೋಪ ಅಂತ ಅತ್ತ್‌ಳು.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಮಲಗುವುದು ಬೇರೆ ಬೇರೆ ಊರಿನಲ್ಲಾದ್ದರಿಂದ ಅದು ಭಾನುವಾರದ ತನಕ ಎಳೆದಿತ್ತು.

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. “ಹಲ್ಲುಜ್ಜುವ ಬ್ರಷ್ಷಿನ ಬಣ್ಣ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಇದನ್ನು ಯಾರೂ ಮಾಡುವುದಿಲ್ಲ,” ಎಂದರು. ಮೂವರನ್ನೂ ಒಟ್ಟಿಗೆ ಕೂರಿಸಿ, ಅರ್ಜಿ ಮಂಜೂರು ಮಾಡುತ್ತಿದ್ದೇನೆ ಎಂದು ತಿಳಿಸಿದರು. ಗೆದ್ದೆವು. ನನ್ನ ಕಣ್ಣು ತುಂಬಿದ್ದನ್ನು ಮುಚ್ಚಿಡಲು ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ಬಗ್ಗಿದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಎಲ್ಲಿದ್ದೆ ಎಂದು ಕೇಳುವುದು ಕಾನೂನಿನ ಕರ್ತವ್ಯ. ಯಾಕೆ ಅಲ್ಲಿದ್ದೆ ಎಂದು ಇನ್ನೊಂದು ಪ್ರಶ್ನೆ ಕೇಳುವಷ್ಟು ವ್ಯವಧಾನ ಕುರ್ಚಿಯಲ್ಲಿ ಕೂತವರಿಗೆ ಇದ್ದರೆ ಕರುಣೆ, ನ್ಯಾಯ ಎರಡೂ ಒಟ್ಟಿಗೇ ಬರುತ್ತವೆ. ಆ ಪ್ರಶ್ನೆ ಯಾರೂ ಕೇಳದೆ ಮನೆ ಮುರಿದುಹೋದ ಕಕ್ಷಿದಾರರನ್ನೂ ನಾನು ಕಂಡಿದ್ದೇನೆ. ಅದಕ್ಕೇ ಈಗ ನನ್ನಲ್ಲಿಗೆ ಬರುವ ದಂಪತಿಗಳನ್ನು ಫೋಟೋ ಕೇಳುವ ಮೊದಲು, ಕಳೆದ ವಾರ ಯಾಕೆ ಜಗಳವಾಡಿದಿರಿ ಎಂದು ಕೇಳುತ್ತೇನೆ.

ಹೊರಡುವಾಗ ಅಧಿಕಾರಿ ಸುಮ್ಮನೆ ಕುತೂಹಲಕ್ಕೆ, ಮುಂದಿನ ವರ್ಷವೂ ಸೊಸೆಯನ್ನು ಕಳಿಸುತ್ತೀರಾ ಎಂದು ಕೇಳಿದರು. ಜಯಮ್ಮ ಸೊಸೆಯ ಸೆರಗಿಲ್ಲದ ಹೆಗಲ ಮೇಲೆ ಕೈಹಾಕಿದರು.

“ಮೊದಲ್ನೇ ಆಸಾಡ ಒಂದೇ ಕಣಪ್ಪ ಲೆಕ್ಕ. ಇನ್‌ಮ್ಯಾಕೆ ಇವಳ್ನ ಯಾರೂ ಕಳ್ಸಂಗಿಲ್ಲ. ನಾನೂ ಕಳ್ಸಂಗಿಲ್ಲ, ನೀನೂ ಕಳ್ಸಂಗಿಲ್ಲ.”

ದುಭಾಷಿ ಒಂದು ಕ್ಷಣ ಅಳುಕಿ, ಇದ್ದದ್ದನ್ನು ಇದ್ದ ಹಾಗೇ ಅನುವಾದಿಸಿದ. ಅಧಿಕಾರಿ ಎದ್ದು ನಿಂತು, “ಯೆಸ್, ಮ್ಯಾಮ್,” ಎಂದರು.